ಮಳೆಗಾಲದ ತೇವದ ಗಾಳಿ ಮನೆಯೊಳಗಿನ ಕ್ಯಾಕ್ಟಸ್‌ಗೆ ಆಗಿಬರುತ್ತಾ?

ಹೋದ ವರ್ಷ ಏಪ್ರಿಲ್‌ನಲ್ಲಿ ಒಂದೇ ನರ್ಸರಿಯಿಂದ ಒಂದೇ ಜಾತಿಯ ಎರಡು ಪುಟ್ಟ ಕ್ಯಾಕ್ಟಸ್ ತಂದಿದ್ದೆ. ಮ್ಯಾಮಿಲೇರಿಯಾ ಅಂತಾರೆ ಅದಕ್ಕೆ. ಕಿತ್ತಳೆ ಹಣ್ಣಿನಷ್ಟು ದಪ್ಪ, ಮೈತುಂಬ ಬಿಳಿ ಮುಳ್ಳು, ನೆತ್ತಿಯ ಸುತ್ತ ಬಳೆ ತೊಡಿಸಿದ ಹಾಗೆ ಸಣ್ಣ ಗುಲಾಬಿ ಹೂವು. ಒಂದು ಬೆಂಗಳೂರಿನ ನಮ್ಮ ಮನೆಯ ಕಿಟಕಿಯಲ್ಲಿ ಉಳಿಯಿತು. ಇನ್ನೊಂದನ್ನು ಮಂಗಳೂರಿನ ಅಕ್ಕನಿಗೆ ಕೊಟ್ಟೆ. ಜುಲೈ ಕೊನೆಗೆ, ಆಟಿ ತಿಂಗಳ ಮಳೆ ಜೋರಾಗಿ ಹೊಡೆಯುತ್ತಿದ್ದಾಗ, ಅಕ್ಕನ ಫೋನ್ ಬಂತು. "ನೋಡೋಕೆ ಚೆನ್ನಾಗೇ ಇದೆ ಕಣೋ, ಆದ್ರೆ ಬುಡ ಮುಟ್ಟಿದ್ರೆ ಬೆಣ್ಣೆ ಇದ್ದ ಹಾಗಿದೆ. ಇಲ್ಲಿನ ಗಾಳಿಗೆ ಇದು ಬದುಕಲ್ಲ ಬಿಡು" ಅಂದಳು.

ಮಳೆಗಾಲ ಬಂದರೆ ಈ ಮಾತು ಸುಮಾರು ಮನೆಗಳಲ್ಲಿ ಕೇಳಿಬರುತ್ತದೆ. ಕ್ಯಾಕ್ಟಸ್ ಮರುಭೂಮಿ ಗಿಡ, ಮರುಭೂಮಿಯಲ್ಲಿ ಗಾಳಿ ಒಣ, ಆದ್ದರಿಂದ ತೇವದ ಗಾಳಿ ಅದನ್ನು ಕೊಲ್ಲುತ್ತದೆ ಅನ್ನುವುದು ಲೆಕ್ಕ. ಕೇಳಲು ಸರಿಯಾಗಿಯೇ ಇದೆ. ಆದರೆ ಗಿಡದ ಒಳಗೆ ನಡೆಯುವುದು ಬೇರೆ. ಅದು ಗೊತ್ತಾದರೆ ಮಂಗಳೂರಿನಲ್ಲೂ ಕ್ಯಾಕ್ಟಸ್ ಇಟ್ಟುಕೊಳ್ಳಬಹುದು, ಬೆಂಗಳೂರಿನಲ್ಲಿ ಕೊಳೆಯುವುದನ್ನೂ ತಪ್ಪಿಸಬಹುದು.

ತೇವಾಂಶ ಶೇ. 80 ಅಂದರೆ ಏನು?

ಫೋನಿನ ಹವಾಮಾನ ಆ್ಯಪ್‌ನಲ್ಲಿ "ತೇವಾಂಶ ಶೇ. 80" ಅಂತ ಬರುತ್ತದಲ್ಲ, ಅದರ ಅರ್ಥ ಗಾಳಿಯಲ್ಲಿ ಮುಕ್ಕಾಲು ಪಾಲು ನೀರೇ ಇದೆ ಅಂತಲ್ಲ. ಆ ಹೊತ್ತಿನ ಬಿಸಿಗೆ ಗಾಳಿಯಲ್ಲಿ ಎಷ್ಟು ನೀರಾವಿ ನಿಲ್ಲಬಹುದೋ, ಅದರಲ್ಲಿ ಶೇ. 80ರಷ್ಟು ಈಗಾಗಲೇ ತುಂಬಿದೆ ಅಂತ. ಗಾಳಿಯನ್ನು ಒಂದು ಪಾತ್ರೆ ಅಂದುಕೊಳ್ಳಿ. ಬಿಸಿಯಾದರೆ ಹಿಗ್ಗುವ, ತಂಪಾದರೆ ಕುಗ್ಗುವ ಪಾತ್ರೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಜಾಗದ ಗಾಳಿ 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ ನೀರಾವಿ ಹಿಡಿಯುತ್ತದೆ. ಅದೇ ಗಾಳಿ 20 ಡಿಗ್ರಿಗೆ ತಂಪಾದರೆ ಹಿಡಿಯುವುದು ಬರೀ 17 ಗ್ರಾಂ.

ಈಗ ಕೋಣೆಯಲ್ಲಿ ಅಷ್ಟು ಜಾಗದ ಗಾಳಿಗೆ 15 ಗ್ರಾಂ ನೀರಾವಿ ಇದೆ ಅನ್ನೋಣ. ಮಧ್ಯಾಹ್ನ 30 ಡಿಗ್ರಿ ಇದ್ದಾಗ ಅದು ಶೇ. 50 ಆಯಿತು. ಬೆಳಗಿನ ಜಾವ 20 ಡಿಗ್ರಿಗೆ ಇಳಿದಾಗ ಅದೇ 15 ಗ್ರಾಂ ಶೇ. 88 ಆಗುತ್ತದೆ. ಒಂದು ಹನಿ ನೀರೂ ಹೊಸದಾಗಿ ಸೇರಿಲ್ಲ. ಪಾತ್ರೆ ಚಿಕ್ಕದಾಯಿತು ಅಷ್ಟೆ. ಹಾಗಾಗಿ ಆ್ಯಪ್‌ನಲ್ಲಿ ಬೆಳಿಗ್ಗೆ ಒಮ್ಮೆ ನೋಡಿ ಗಾಬರಿಯಾಗುವ ಅಗತ್ಯವಿಲ್ಲ.

ಅಳೆಯಲೇಬೇಕು ಅನ್ನುವವರಿಗೆ ಹೈಗ್ರೋಮೀಟರ್ ಅನ್ನುವ ಪುಟ್ಟ ಮೀಟರ್ ಸಿಗುತ್ತದೆ, ಕೆಲವು ನೂರು ರೂಪಾಯಿಗೆ. ಅದನ್ನು ಕುಂಡದ ಪಕ್ಕದಲ್ಲೇ ಇಡಿ. ಅದಿಲ್ಲದಿದ್ದರೂ ಅಡುಗೆಮನೆಯಲ್ಲಿ ಒಂದು ಅಳತೆಗೋಲು ಇದ್ದೇ ಇದೆ. ಅದು ಉಪ್ಪು. ಶುದ್ಧ ಉಪ್ಪು ಗಾಳಿಯಿಂದ ನೀರೆಳೆದುಕೊಂಡು ಕರಗಲು ಶುರುವಾಗುವುದು ತೇವಾಂಶ ಸುಮಾರು ಶೇ. 75 ದಾಟಿದ ಮೇಲೆ. ಕಲ್ಲುಪ್ಪಿನಲ್ಲಿ ಮೆಗ್ನೀಸಿಯಂ ಸೇರಿರುವುದರಿಂದ ಅದು ಇನ್ನೂ ಮುಂಚೆಯೇ ಬೆವರುತ್ತದೆ. ಉಪ್ಪಿನ ಭರಣಿಯ ತಳದಲ್ಲಿ ನೀರು ಕಂಡಿತು ಅಂದರೆ ಮನೆಯ ಗಾಳಿ ಚೆನ್ನಾಗಿಯೇ ತೇವ ಹೊತ್ತಿದೆ ಅಂತ ತಿಳಿಯಿರಿ.

ಕ್ಯಾಕ್ಟಸ್ ನೀರು ಕುಡಿಯುವುದು ಎಲ್ಲಿಂದ?

ಬೇರಿನಿಂದ. ಇದನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಮುಂದಿನದೆಲ್ಲ ಸುಲಭ. ನಾವು ಮನೆಯಲ್ಲಿ ಸಾಕುವ ಕ್ಯಾಕ್ಟಸ್‌ಗಳ ಸಿಪ್ಪೆಯ ಮೇಲೆ ದಪ್ಪ ಮೇಣದ ಪದರ ಇರುತ್ತದೆ. ಸೇಬಿನ ಸಿಪ್ಪೆಯನ್ನು ಉಗುರಿನಿಂದ ಕೆರೆದರೆ ಬಿಳಿಯಾಗಿ ಬರುತ್ತದಲ್ಲ, ಅಂಥದ್ದು. ಒಳಗಿನ ನೀರು ಹೊರಗೆ ಹೋಗದಂತೆ ತಡೆಯುವುದು ಅದರ ಕೆಲಸ. ಒಳಗಿನದನ್ನು ತಡೆಯುವ ಪದರ ಹೊರಗಿನ ತೇವವನ್ನೂ ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಎಲೆಗಳಂತೂ ಇಲ್ಲವೇ ಇಲ್ಲ, ಅವೇ ಮುಳ್ಳಾಗಿವೆ. ಅಂದರೆ ಗಾಳಿಯಲ್ಲಿ ತೇವ ಇದ್ದರೂ ಇಲ್ಲದಿದ್ದರೂ ಗಿಡಕ್ಕೆ ನೇರವಾಗಿ ಆಗುವ ಲಾಭ ನಷ್ಟ ಎರಡೂ ಕಡಿಮೆ.

ಆದರೆ ಉಸಿರಾಡಲೇಬೇಕಲ್ಲ? ಗಿಡಗಳು ಆಹಾರ ಮಾಡಿಕೊಳ್ಳಲು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಒಳಗೆ ತೆಗೆದುಕೊಳ್ಳಬೇಕು. ಅದಕ್ಕೆ ಸಿಪ್ಪೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ. ರಂಧ್ರ ತೆರೆದರೆ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಬೇರೆ ಹೆಚ್ಚಿನ ಗಿಡಗಳು ಹಗಲು ಹೊತ್ತು ತೆರೆಯುತ್ತವೆ. ಕ್ಯಾಕ್ಟಸ್ ಹಗಲು ಮುಚ್ಚಿಕೊಂಡಿದ್ದು ರಾತ್ರಿ ತೆರೆಯುತ್ತದೆ. ಬೇಸಿಗೆಯಲ್ಲಿ ರಾಯಚೂರಿನ ಜನ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಒಳಗಿದ್ದು, ಸಂಜೆ ತಂಪಾದ ಮೇಲೆ ಪೇಟೆಗೆ ಹೊರಡುತ್ತಾರಲ್ಲ, ಅದೇ ರೀತಿ. ರಾತ್ರಿ ತಂದಿದ್ದನ್ನು ಹುಳಿ ಪದಾರ್ಥವಾಗಿ ಒಳಗೆ ಕೂಡಿಟ್ಟುಕೊಂಡು, ಹಗಲು ಬಿಸಿಲು ಬಂದಾಗ ಬಾಗಿಲು ಮುಚ್ಚಿಯೇ ಅಡುಗೆ ಮಾಡುತ್ತದೆ. ಸಾಮಾನ್ಯ ಗಿಡಕ್ಕೆ ಒಂದು ಗ್ರಾಂ ಇಂಗಾಲದ ಡೈಆಕ್ಸೈಡ್ ಗಳಿಸಲು 400ರಿಂದ 500 ಗ್ರಾಂ ನೀರು ಖರ್ಚಾದರೆ, ಹೀಗೆ ರಾತ್ರಿ ಉಸಿರಾಡುವ ಗಿಡಕ್ಕೆ 50ರಿಂದ 100 ಗ್ರಾಂ ಸಾಕು.

ಈ ಗುಟ್ಟಿಗೂ ನಮ್ಮ ಲಾಲ್‌ಬಾಗ್‌ಗೂ ಒಂದು ನಂಟಿದೆ, ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಟಿಪ್ಪು ಕಾಲದ ನಂತರ ಲಾಲ್‌ಬಾಗನ್ನು ಸ್ವಲ್ಪ ಕಾಲ ನೋಡಿಕೊಂಡವರು ಬೆಂಜಮಿನ್ ಹೈನ್ ಅನ್ನುವ ಸಸ್ಯಶಾಸ್ತ್ರಜ್ಞರು. ನಾವು ಕಾಡುಬಸಳೆ ಅನ್ನುವ ಗಿಡದ ಎಲೆಯನ್ನು ಬೆಳಿಗ್ಗೆ ಬಾಯಿಗೆ ಹಾಕಿದರೆ ಹುಳಿ ಇರುತ್ತದೆ, ಹೊತ್ತು ಏರಿದ ಹಾಗೆ ಹುಳಿ ಹೋಗಿ ಸಪ್ಪೆಯಾಗುತ್ತದೆ ಅನ್ನುವುದನ್ನು ಅವರು ಗಮನಿಸಿದರು. ಅದು 1815ರಲ್ಲಿ ಅಚ್ಚಾಯಿತು. ಕಾಡುಬಸಳೆ ಕ್ಯಾಕ್ಟಸ್ ಅಲ್ಲ, ಆದರೆ ಉಸಿರಾಡುವ ರೀತಿ ಎರಡರದ್ದೂ ಒಂದೇ. ರಾತ್ರಿಯ ಉಸಿರಿನಿಂದ ಬಂದ ಹುಳಿ ಅದು ಅಂತ ಪೂರ್ತಿ ತಿಳಿಯಲು ಮತ್ತೆ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು.

ಹಾಗಾದರೆ ಎಷ್ಟು ತೇವಾಂಶ ಇದ್ದರೆ ಒಳ್ಳೆಯದು?

ಮರುಭೂಮಿ ಮೂಲದ ಕ್ಯಾಕ್ಟಸ್‌ಗೆ ಶೇ. 40ರಿಂದ 50 ಆರಾಮ. ಶೇ. 20ಕ್ಕೆ ಇಳಿದರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬೆಂಗಳೂರಿನಲ್ಲಿ ಮಾರ್ಚ್ ಮಧ್ಯಾಹ್ನ ತೇವಾಂಶ ಶೇ. 30ರ ಕೆಳಗೂ ಹೋಗುತ್ತದೆ, ಆಗಲೂ ಗಿಡ ಚೆನ್ನಾಗಿಯೇ ಇರುತ್ತದೆ. ಎಸಿ ಹಾಕಿದ ಕೋಣೆಯೂ ಪರವಾಗಿಲ್ಲ, ಎಸಿಯ ಗಾಳಿ ನೇರವಾಗಿ ಬಡಿಯದಿದ್ದರೆ ಸಾಕು. ಅದಕ್ಕಾಗಿ ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಯಂತ್ರ ಕೊಳ್ಳುವುದು, ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿ ನೀರು ತುಂಬಿಡುವುದು ಯಾವುದೂ ಬೇಕಾಗಿಲ್ಲ.

ಮೇಲಿನ ಮಿತಿ? ಇಲ್ಲಿಯೇ ಜನ ಎಡವುವುದು. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಅಟಕಾಮಾ ಅನ್ನುವ ಮರುಭೂಮಿ ಇದೆ, ಭೂಮಿಯ ಮೇಲಿನ ಅತಿ ಒಣ ಜಾಗಗಳಲ್ಲಿ ಒಂದು. ಅದರ ಕೆಲವು ಕಡೆ ವರ್ಷಕ್ಕೆ ಕೆಲವೇ ಮಿಲಿಮೀಟರ್ ಮಳೆ. ಆದರೆ ಅದರ ಕರಾವಳಿಯ ಅಂಚಿನಲ್ಲಿ ಸಮುದ್ರದಿಂದ ದಟ್ಟ ಮಂಜು ಎದ್ದು ಗುಡ್ಡ ಹತ್ತುತ್ತದೆ. ಅಲ್ಲಿಯವರು ಅದನ್ನು ಕಮಂಚಾಕ ಅನ್ನುತ್ತಾರೆ. ಅಲ್ಲಿ ತೇವಾಂಶ ಸಾಮಾನ್ಯವಾಗಿ ಶೇ. 70ರ ಆಸುಪಾಸು ಇರುತ್ತದೆ, ಮಂಜು ಕವಿದಾಗ ಇನ್ನೂ ಜಾಸ್ತಿ. ಅದೇ ಗುಡ್ಡಗಳ ಮೇಲೆ ಕೋಪಿಯಾಪೋವಾ ಅನ್ನುವ ಕ್ಯಾಕ್ಟಸ್‌ಗಳು ಎಷ್ಟೋ ಕಾಲದಿಂದ ಬದುಕಿವೆ. ಕೊಳೆತಿಲ್ಲ.

ಯಾಕೆ ಕೊಳೆತಿಲ್ಲ ಅಂದರೆ, ಗಾಳಿ ಒದ್ದೆ ಇದ್ದರೂ ನೆಲ ಒಣಗಿದೆ. ಬರೀ ಕಲ್ಲು, ಮರಳು. ಬೀಸುವ ಗಾಳಿ, ಹೊಳೆಯುವ ಬಿಸಿಲು ಬೇರೆ. ಅಂದರೆ ತೇವದ ಗಾಳಿ ತಾನಾಗಿ ಕ್ಯಾಕ್ಟಸ್ ಕೊಲ್ಲುವುದಿಲ್ಲ. ಒದ್ದೆಯಾಗಿಯೇ ಉಳಿದ ಬೇರು ಕೊಲ್ಲುತ್ತದೆ.

ಮತ್ತೆ ಮಂಗಳೂರಿನಲ್ಲಿ ಕೊಳೆತಿದ್ದು ಯಾಕೆ?

ಒದ್ದೆ ಬನಿಯನ್ನನ್ನು ಏಪ್ರಿಲ್‌ನಲ್ಲಿ ಹಗ್ಗಕ್ಕೆ ಹಾಕಿ, ಎರಡು ಗಂಟೆಯಲ್ಲಿ ಗರಿಗರಿ. ಅದನ್ನೇ ಜುಲೈಯಲ್ಲಿ ಹಾಕಿ, ಎರಡು ದಿನ ಕಳೆದರೂ ತಣ್ಣಗೆ ಜೋತಾಡುತ್ತಿರುತ್ತದೆ, ಮೂರನೇ ದಿನಕ್ಕೆ ಮುಗ್ಗಲು ವಾಸನೆ. ನೀರು ಅಷ್ಟೇ, ಬಟ್ಟೆ ಅದೇ. ಗಾಳಿಯ ಪಾತ್ರೆ ಮೊದಲೇ ತುಂಬಿರುವುದರಿಂದ ಬಟ್ಟೆಯ ನೀರಿಗೆ ಹೋಗಲು ಜಾಗ ಇಲ್ಲ. ಕುಂಡದ ಮಣ್ಣಿನ ಕಥೆಯೂ ಇದೇ. ಬೇಸಿಗೆಯಲ್ಲಿ ಹಾಕಿದ ಒಂದು ಲೋಟ ನೀರು ನಾಲ್ಕು ದಿನದಲ್ಲಿ ಒಣಗಿದರೆ, ತೇವಾಂಶ ಶೇ. 90ರ ಹತ್ತಿರ ಇರುವ ಮಳೆಗಾಲದಲ್ಲಿ ಅದಕ್ಕೆ ಮೂರು ವಾರ ಬೇಕಾಗಬಹುದು. ಅಕ್ಕ ಬೇಸಿಗೆಯಲ್ಲಿ ಮಾಡಿದ ಹಾಗೆಯೇ ವಾರಕ್ಕೊಮ್ಮೆ ನೀರು ಹಾಕುತ್ತಾ ಬಂದಿದ್ದಳು. ಒಂದು ಲೋಟ ಒಣಗುವ ಮೊದಲೇ ಮತ್ತೊಂದು ಲೋಟ. ಜೊತೆಗೆ ಮಳೆ ಒಳಗೆ ಬರುತ್ತದೆ ಅಂತ ಕಿಟಕಿ ಮುಚ್ಚಿದ್ದಳು, ಮೋಡ ಕವಿದು ಬೆಳಕೂ ಇರಲಿಲ್ಲ. ಬೆಳಕು ಕಡಿಮೆಯಾದರೆ ಗಿಡ ಬೆಳೆಯುವುದೂ ನಿಧಾನ, ನೀರು ಎಳೆಯುವುದೂ ನಿಧಾನ.

ಒದ್ದೆ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗದೆ ಅದು ಮೊದಲು ಸೋಲುತ್ತದೆ. ಆಮೇಲೆ ಕೊಳೆಸುವ ಜೀವಿಗಳು ಬರುತ್ತವೆ. ಅವುಗಳಲ್ಲಿ ಒಂದರ ಹೆಸರು ಫೈಟಾಫ್ತೊರಾ. ಮಲೆನಾಡು, ಕರಾವಳಿಯ ಅಡಿಕೆ ಬೆಳೆಗಾರರಿಗೆ ಇದರ ಪರಿಚಯ ಬೇಕಿಲ್ಲ, ಅಡಿಕೆಗೆ ಬರುವ ಕೊಳೆರೋಗ ಇದೇ ಬಳಗದ್ದು. ಈ ಬಳಗದ ಒಂದು ಜಾತಿಯನ್ನು ಮೊದಲು ಗುರುತಿಸಿದ್ದೇ ಕೊಳೆತ ಕ್ಯಾಕ್ಟಸ್‌ನಲ್ಲಿ, 1870ರಲ್ಲಿ. ಅದಕ್ಕೇ ಅದರ ಹೆಸರು ಫೈಟಾಫ್ತೊರಾ ಕ್ಯಾಕ್ಟೋರಮ್. ಇದರ ಬೀಜಕಣಗಳು ನೀರಿನಲ್ಲಿ ಈಜುತ್ತವೆ. ಮಣ್ಣಿನ ಕಣಗಳ ನಡುವೆ ನೀರಿನ ಪೊರೆ ಇದ್ದರೆ ಅವಕ್ಕೆ ಬೇರಿನವರೆಗೆ ದಾರಿ ಸಿಗುತ್ತದೆ, ಮಣ್ಣು ಒಣಗಿದರೆ ದಾರಿಯೇ ಇಲ್ಲ. ಅಡಿಕೆ ಗೊನೆಗೆ ಮಳೆ ಬೀಳದಂತೆ ಕೊಟ್ಟೆ ಕಟ್ಟುತ್ತಾರಲ್ಲ, ಅದರ ಹಿಂದೆ ಇರುವುದೂ ಇದೇ ತಿಳಿವಳಿಕೆ.

ಎಲ್ಲ ಕ್ಯಾಕ್ಟಸ್ಸೂ ಮರುಭೂಮಿಯದ್ದಲ್ಲ

ಮೇಲೆ ಹೇಳಿದ್ದು ದುಂಡಗೆ, ಕಂಬದ ಹಾಗೆ, ಮುಳ್ಳು ತುಂಬಿ ಇರುವ ಕ್ಯಾಕ್ಟಸ್‌ಗಳ ಮಾತು. ಆದರೆ ನಮ್ಮ ಮನೆಗಳಲ್ಲಿ ಇನ್ನೊಂದು ಬಗೆಯ ಕ್ಯಾಕ್ಟಸ್ ಇದೆ, ಅದು ಕ್ಯಾಕ್ಟಸ್ ಅಂತಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಬ್ರಹ್ಮಕಮಲ! ಮಳೆಗಾಲದಲ್ಲಿ ಒಂದು ರಾತ್ರಿ ಅರಳಿ, ಅಕ್ಕಪಕ್ಕದವರನ್ನೆಲ್ಲ ಕರೆದು ದೀಪ ಹಚ್ಚಿ ನೋಡುತ್ತೇವಲ್ಲ, ಆ ಗಿಡ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡಿನ ಕ್ಯಾಕ್ಟಸ್. ಹಿಮಾಲಯದ ಬ್ರಹ್ಮಕಮಲ ಬೇರೆಯೇ ಗಿಡ. ನಮ್ಮ ಮನೆಯ ಬ್ರಹ್ಮಕಮಲದಲ್ಲಿ ಎಲೆ ಅಂತ ಕಾಣುವುದು ಎಲೆಯಲ್ಲ, ಚಪ್ಪಟೆಯಾದ ಕಾಂಡ. ಅದಕ್ಕೇ ಅದರ ಅಂಚಿನಿಂದಲೇ ಮೊಗ್ಗು ಬರುತ್ತದೆ.

ಇದು ಹುಟ್ಟಿದ್ದು ಮರದ ಕೊಂಬೆಗಳ ಮೇಲೆ, ನಮ್ಮ ಮಲೆನಾಡಿನಲ್ಲಿ ಸೀತಾಳೆ ದಂಡೆ ಬೆಳೆಯುವ ಹಾಗೆ. ಡಿಸೆಂಬರ್ ಸುಮಾರಿಗೆ ಹೂ ಬಿಡುವ ಕ್ರಿಸ್‌ಮಸ್ ಕ್ಯಾಕ್ಟಸ್ ಬ್ರೆಜಿಲ್‌ನ ಕರಾವಳಿ ಬೆಟ್ಟಗಳ ಕಾಡಿನದು. ಡ್ರ್ಯಾಗನ್ ಫ್ರೂಟ್ ಕೂಡ ಮರಕ್ಕೆ ಹಬ್ಬುವ ಕ್ಯಾಕ್ಟಸ್. ಇನ್ನು ರಿಪ್ಸಾಲಿಸ್ ಅನ್ನುವ ಕ್ಯಾಕ್ಟಸ್ ಬಳಗದ ಒಂದು ಜಾತಿ ಶ್ರೀಲಂಕಾದ ಕಾಡಿನಲ್ಲೂ ತಾನಾಗಿ ಬೆಳೆಯುತ್ತದೆ, ಅಮೆರಿಕ ಖಂಡಗಳ ಹೊರಗೆ ಹೀಗೆ ಜನ ತಂದು ನೆಡದೆಯೇ ಬೆಳೆಯುವ ಕ್ಯಾಕ್ಟಸ್ ಅದೊಂದೇ. ಇವಕ್ಕೆಲ್ಲ ಶೇ. 50ರಿಂದ 60, ಅದಕ್ಕೂ ಜಾಸ್ತಿ ತೇವಾಂಶ ಇದ್ದರೆ ಖುಷಿ. ಎಸಿ ಕೋಣೆಯಲ್ಲಿ ಬ್ರಹ್ಮಕಮಲದ ಕಾಂಡ ಸೊರಗುತ್ತದೆ. ಅಮೆರಿಕ, ಯೂರೋಪ್‌ನಲ್ಲಿರುವ ನಮ್ಮವರ ಮನೆಗಳಲ್ಲಿ ಚಳಿಗಾಲದ ಹೀಟರ್ ಹಾಕಿದಾಗ ಗಾಳಿ ಒಣಗಿ ಕ್ರಿಸ್‌ಮಸ್ ಕ್ಯಾಕ್ಟಸ್‌ನ ಮೊಗ್ಗು ಉದುರುವುದುಂಟು. ತಟ್ಟೆಯಲ್ಲಿ ಕಲ್ಲು ನೀರು ಇಡುವ ಉಪಾಯವನ್ನು ಇವಕ್ಕೆ ಮಾಡಿ ನೋಡಬಹುದು. ಆದರೆ ಬುಡದಲ್ಲಿ ನೀರು ನಿಲ್ಲುವುದು ಇವಕ್ಕೂ ಆಗದು. ಮರದ ಮೇಲೆ ಇದ್ದ ಬೇರು ಅಲ್ವಾ, ಅದಕ್ಕೆ ಗಾಳಿ ಬೇಕು.

ನರ್ಸರಿಗಳಲ್ಲಿ ಹಸಿರು ಕಂಬದ ಮೇಲೆ ಕೆಂಪು, ಹಳದಿ ಚೆಂಡು ಕೂತಿರುವ ಮೂನ್ ಕ್ಯಾಕ್ಟಸ್ ಸಿಗುತ್ತದೆ. ಅದು ಎರಡು ಗಿಡ ಸೇರಿಸಿ ಮಾಡಿದ ಕಸಿ. ಮೇಲಿನ ಚೆಂಡಿನಲ್ಲಿ ಹಸಿರೇ ಇಲ್ಲ, ಅದು ತನ್ನ ಊಟಕ್ಕೆ ಕೆಳಗಿನ ಕಂಬವನ್ನೇ ನಂಬಿದೆ. ಕೆಳಗಿನದು ಸಾಮಾನ್ಯವಾಗಿ ಡ್ರ್ಯಾಗನ್ ಫ್ರೂಟ್ ಬಳಗದ್ದು. ಹಾಗಾಗಿ ಇದಕ್ಕೆ ಬೇರೆ ಕ್ಯಾಕ್ಟಸ್‌ಗಿಂತ ಸ್ವಲ್ಪ ಜಾಸ್ತಿ ತೇವ, ಸ್ವಲ್ಪ ಕಡಿಮೆ ಬಿಸಿಲು.

ಹಳ್ಳಿಗಳ ಬೇಲಿಯಲ್ಲಿ ಕಾಣುವ, ಮುರಿದರೆ ಹಾಲು ಬರುವ ಕಳ್ಳಿಗಳು ಕ್ಯಾಕ್ಟಸ್ ಅಲ್ಲ, ಬೇರೆ ಕುಟುಂಬ. ಪಾಪಾಸುಕಳ್ಳಿ ಮಾತ್ರ ನಿಜವಾದ ಕ್ಯಾಕ್ಟಸ್.

ಮನೆಯಲ್ಲಿ ಏನು ಮಾಡಬೇಕು?

ಮೊದಲು, ವಾರದ ಲೆಕ್ಕದಲ್ಲಿ ನೀರು ಹಾಕುವುದನ್ನು ಬಿಡಿ. ಉರಿದು ಮುಗಿದ ಊದುಬತ್ತಿಯ ಕಡ್ಡಿಯನ್ನು ಕುಂಡದ ಅಂಚಿನಿಂದ ತಳದವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಇಡ್ಲಿ ಬೆಂದಿದೆಯಾ ಅಂತ ನೋಡುವ ಹಾಗೆಯೇ. ಕಡ್ಡಿಯ ಬಣ್ಣ ಗಾಢವಾಗಿದ್ದರೆ ಅಥವಾ ಮಣ್ಣು ಅಂಟಿದ್ದರೆ ತಳದಲ್ಲಿ ಇನ್ನೂ ತೇವ ಇದೆ. ಮೇಲಿನ ಮಣ್ಣು ಒಣಗಿದ್ದನ್ನು ನೋಡಿ ಮೋಸ ಹೋಗಬೇಡಿ. ಕಡ್ಡಿ ಪೂರ್ತಿ ಒಣಗಿ ಬಂದ ಮೇಲೂ ಮಳೆಗಾಲದಲ್ಲಿ ನಾಲ್ಕೈದು ದಿನ ಕಾಯಿರಿ. ಗಿಡ ಗಟ್ಟಿಯಾಗಿದ್ದರೆ ಕರಾವಳಿಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಒಂದೆರಡು ಸಲ ಹಾಕಿದರೂ ನಡೆಯುತ್ತದೆ.

ಎರಡನೆಯದು ಗಾಳಿಯಾಡುವುದು. ತೇವಾಂಶವನ್ನು ನಾವು ಇಳಿಸಲಾರೆವು, ಗಾಳಿಯನ್ನು ಓಡಾಡಿಸಬಹುದು. ಕೋಣೆಯ ಫ್ಯಾನ್ ದಿನಕ್ಕೆ ಕೆಲವು ಗಂಟೆ ತಿರುಗಿದರೂ ಕುಂಡದ ಸುತ್ತ ನಿಂತ ಒದ್ದೆ ಗಾಳಿ ಸರಿಯುತ್ತದೆ. ಕ್ಯಾಕ್ಟಸನ್ನು ಬಚ್ಚಲುಮನೆ ಕಿಟಕಿಯಲ್ಲಿ, ಮುಚ್ಚಿದ ಗಾಜಿನ ಬಟ್ಟಲಲ್ಲಿ ಇಡಬೇಡಿ.

ಕುಂಡ ಸುಟ್ಟ ಮಣ್ಣಿನದೇ ಆಗಲಿ, ತಳದಲ್ಲಿ ತೂತು ಇರಲಿ. ಮಣ್ಣಿನ ಕುಂಡ ತನ್ನ ಗೋಡೆಯಿಂದಲೂ ನೀರು ಹೊರಗೆ ಬಿಡುತ್ತದೆ, ಮಡಕೆಯ ನೀರು ತಣ್ಣಗಿರುವುದು ಇದರಿಂದಲೇ. ಮೇಲೆ ಬಣ್ಣ ಹಚ್ಚಿದರೆ ಆ ಗುಣ ಹೋಯಿತು. ನರ್ಸರಿಯಿಂದ ಬಂದ ಗಿಡಗಳು ಹೆಚ್ಚಾಗಿ ಬರೀ ಕೋಕೋಪೀಟ್‌ನಲ್ಲಿ, ಅಂದರೆ ತೆಂಗಿನ ಸಿಪ್ಪೆಯ ಪುಡಿಯಲ್ಲಿ ಇರುತ್ತವೆ. ಅದು ಸ್ಪಂಜಿನ ಹಾಗೆ ನೀರು ಹಿಡಿದಿಡುತ್ತದೆ. ಅರ್ಧಕ್ಕಿಂತ ಜಾಸ್ತಿ ದಪ್ಪ ಮರಳು, ಇಟ್ಟಿಗೆ ಚೂರು ಅಥವಾ ಪರ್ಲೈಟ್ ಅನ್ನುವ ಹಗುರ ಬಿಳಿ ಕಲ್ಲಿನ ಹರಳು ಇರುವ ಮಣ್ಣಿಗೆ ಬದಲಿಸಿ. ಇದೊಂದನ್ನು ಮಳೆಗಾಲಕ್ಕೆ ಮೊದಲೇ ಮಾಡಿದರೆ ಅರ್ಧ ಕಷ್ಟ ತಪ್ಪುತ್ತದೆ.

ಸ್ಪ್ರೇ ಬಾಟಲಿ ಬೇಡವೇ ಬೇಡ. ಗಿಡ ಅದರಿಂದ ನೀರು ಕುಡಿಯುವುದಿಲ್ಲ ಅಂತ ಆಗಲೇ ನೋಡಿದೆವು. ಮುಳ್ಳಿನ ಬುಡದಲ್ಲಿ ಹತ್ತಿಯ ಉಂಡೆಯ ಹಾಗೆ ಇರುತ್ತದಲ್ಲ, ನೀರು ಅಲ್ಲಿ ನಿಂತರೆ ಬೂಷ್ಟು ಹಿಡಿಯುತ್ತದೆ. ಬೋರ್‌ವೆಲ್ ನೀರಾದರೆ ಒಣಗಿದ ಮೇಲೆ ಸುಣ್ಣದ ಬಿಳಿ ಕಲೆ ಬೇರೆ.

ಗಿಡವೇ ತೋರಿಸುವ ಗುರುತುಗಳು

ಮೈ ಸುಕ್ಕುಗಟ್ಟಿದೆ, ಆದರೆ ಗಟ್ಟಿಯಾಗಿದೆ ಅಂದರೆ ಬಾಯಾರಿಕೆ, ಮಣ್ಣು ಒಣಗಿದ್ದರೆ ನೀರು ಹಾಕಿ. ಸುಕ್ಕಿದೆ, ಮಣ್ಣೂ ಒದ್ದೆ ಇದೆ ಅಂದರೆ ಬೇರು ಹೋಗಿದೆ, ನೀರು ಹಾಕಿದರೆ ಇನ್ನೂ ಕೆಡುತ್ತದೆ. ಬುಡ ಕಂದು ಬಣ್ಣಕ್ಕೆ ತಿರುಗಿದ್ದು ಮರದ ತೊಗಟೆಯ ಹಾಗೆ ಗಟ್ಟಿಯಿದ್ದರೆ ಅದು ವಯಸ್ಸಿನ ಗುರುತು, ಚಿಂತೆಯಿಲ್ಲ. ಮೆತ್ತಗಿದ್ದರೆ ಕೊಳೆ. ಮೈಮೇಲೆ ಕಜ್ಜಿಯ ಹಾಗೆ ಸಣ್ಣ ಗುಳ್ಳೆ ಎದ್ದು ಗಟ್ಟಿಯಾದರೆ, ಬೇರು ಎಳೆದ ನೀರು ಹೊರಗೆ ಆವಿಯಾಗಲು ಆಗದೆ ಒಳಗೇ ಉಬ್ಬಿದೆ ಅಂತ. ಒದ್ದೆ ಮಣ್ಣು, ಒದ್ದೆ ಗಾಳಿ ಎರಡೂ ಸೇರಿದಾಗ ಹೀಗಾಗುತ್ತದೆ. ತುಂಬ ಒಣ ಬಿಸಿ ಗಾಳಿಯಲ್ಲಿ ಬರುವ ತೊಂದರೆ ಬೇರೆ, ಕೆಂಪು ನುಸಿ. ನೆತ್ತಿಯ ಹತ್ತಿರ ಧೂಳು ಮೆತ್ತಿದ ಹಾಗೆ ಬೂದು ಕಂದು ಬಣ್ಣ, ತೆಳ್ಳಗೆ ಬಲೆ ಕಂಡರೆ ಅದೇ.

ಬುಡ ಕೊಳೆತ ಗಿಡವನ್ನು ಬಿಸಾಡುವ ಮೊದಲು ಒಂದು ಪ್ರಯತ್ನ ಮಾಡಬಹುದು. ನಾನು ಅಕ್ಕನಿಗೆ ಫೋನಿನಲ್ಲೇ ಹೇಳಿಕೊಟ್ಟೆ. ಹರಿತವಾದ ಚಾಕುವನ್ನು ಸ್ಯಾನಿಟೈಸರ್‌ನಿಂದ ಒರೆಸಿ, ಕೊಳೆತ ಭಾಗದ ಮೇಲಿನಿಂದ ಅಡ್ಡಕ್ಕೆ ಕತ್ತರಿಸಬೇಕು. ಕತ್ತರಿಸಿದ ಮುಖದ ನಡುವೆ ಒಂದು ಉಂಗುರ ಕಾಣುತ್ತದೆ. ಅದು ಕಂದು ಅಥವಾ ಕಿತ್ತಳೆ ಬಣ್ಣಕ್ಕಿದ್ದರೆ ಕೊಳೆ ಇನ್ನೂ ಮೇಲೆ ಹೋಗಿದೆ, ಚಾಕು ಮತ್ತೆ ಒರೆಸಿ ಇನ್ನೊಂದು ಬಿಲ್ಲೆ ತೆಗೆಯಬೇಕು. ಅಕ್ಕ ಸೌತೆಕಾಯಿ ಹೆಚ್ಚಿದ ಹಾಗೆ ನಾಲ್ಕು ಬಿಲ್ಲೆ ತೆಗೆದ ಮೇಲೆ ಒಂದು ಚುಕ್ಕೆಯೂ ಇಲ್ಲದ ತಿಳಿ ಹಸಿರು ತಿರುಳು ಸಿಕ್ಕಿತು. ಉಳಿದ ತಲೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಅದನ್ನು ಕಾಗದದ ಮೇಲೆ ಇಟ್ಟು ಫ್ಯಾನಿನ ಕೆಳಗೆ ಒಣಗಿಸಬೇಕು, ಗಾಯದ ಮೇಲೆ ಹಕ್ಕಳೆ ಕಟ್ಟುವವರೆಗೆ. ಬೇಸಿಗೆಯಲ್ಲಾದರೆ ವಾರ ಹತ್ತು ದಿನ. ಮಂಗಳೂರಿನ ಆ ಮಳೆಯಲ್ಲಿ ಮೂರು ವಾರ ಹಿಡಿಯಿತು. ಆಮೇಲೆ ಒಣ ಮರಳು ಮತ್ತು ಇಟ್ಟಿಗೆ ಚೂರಿನ ಮೇಲೆ ಸುಮ್ನೆ ಕೂರಿಸಿದಳು, ನೀರು ಹಾಕದೆ. ಸೆಪ್ಟೆಂಬರ್ ಕೊನೆಗೆ ಎತ್ತಿ ನೋಡಿದಾಗ ತಳದಲ್ಲಿ ಶ್ಯಾವಿಗೆ ಎಳೆಯಷ್ಟು ತೆಳ್ಳಗಿನ ಮೂರು ಬಿಳಿ ಬೇರು. ಅವತ್ತು ಮೊದಲ ಸಲ ಎರಡು ಚಮಚ ನೀರು ಹಾಕಿದಳು.